ಕೊನೆಯ ಸಾಲಿನ ಮೇಲಿನ ಸಾಲು ಓದಿ
(ಬಿಲ್ಡ್ ಸರ್ವರ್ ನೋಡಿಕೊಳ್ಳುವ ನಮ್ಮ ಕೊಪ್ಪಳ ಜಿಲ್ಲೆಯ ತಮ್ಮ-ತಂಗಿಯರಿಗೆ ಬಹಿರಂಗ ಪತ್ರ)

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಹೊರಟು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಬಿಲ್ಡ್ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು ಈಗ ನಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಕೊರೊನಾ ಕಾಲದಲ್ಲಿ ಊರಿಗೆ ಬಂದ ಕೆಲವರು ಇಲ್ಲೇ ಉಳಿದು, ಮಾಳಿಗೆ ಮೇಲಿನ ಕೋಣೆಯಿಂದಲೇ ಕೆಲಸ ನಡೆಸುತ್ತಿದ್ದೀರಿ. ತಳಕಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದ ಹೊರಬರುವವರು ಮುಂದೆ ನಿಮ್ಮ ಜೊತೆ ಸೇರುತ್ತಾರೆ. ನಿಮಗೆಲ್ಲ ಒಟ್ಟಿಗೆ ಬರೆಯಲು ಕಾರಣ, ಒಂದೇ ಬಗೆಯ ಫೋನು ಮತ್ತೆ ಮತ್ತೆ ಬರುತ್ತಿರುವುದು. ಸರ್ವರ್ ಬದಲಾಯಿಸಿದೆವು, ಜಾಬ್‌ಗಳೆಲ್ಲ ಬಂದವು, ಪ್ಲಗಿನ್‌ಗಳು ಬಂದವು, ಆದರೆ ಗಿಟ್ ಒಳಗೆ ಬಿಡುತ್ತಿಲ್ಲ ಅನ್ನುವ ಫೋನು.

ಈ ಪತ್ರ ನಿಮ್ಮ ಮನೆಯವರ ಕೈಗೂ ಸಿಗಬಹುದು, ಅವರಿಗಾಗಿ ಎರಡು ಮಾತು. ನೂರಾರು ಜನ ಬರೆದ ಪ್ರೋಗ್ರಾಂ ಕೋಡ್ ಒಂದು ಕಡೆ ಜಮಾ ಆಗಿರುತ್ತದೆ. ಯಾರು ಯಾವಾಗ ಏನು ತಿದ್ದಿದರು ಎಂಬ ಲೆಕ್ಕ ಸಮೇತ ಅದನ್ನು ಕಾಯುವ ವ್ಯವಸ್ಥೆ ಗಿಟ್. ಅಲ್ಲಿಂದ ಕೋಡ್ ತೆಗೆದುಕೊಂಡು ಹೋಗಿ ಬಳಕೆಗೆ ಸಿದ್ಧವಾದ ಆ್ಯಪ್ ಮಾಡಿಕೊಡುವ ಯಂತ್ರ ಬಿಲ್ಡ್ ಸರ್ವರ್. ಬಹಳ ಕಡೆ ಅದರಲ್ಲಿ ಓಡುವುದು ಜೆಂಕಿನ್ಸ್ ಎಂಬ ತಂತ್ರಾಂಶ. ಹಳೆಯ ಯಂತ್ರದಿಂದ ಹೊಸದಕ್ಕೆ ಇದನ್ನು ಸಾಗಿಸುವ ಕೆಲಸ ಸಾಮಾನ್ಯವಾಗಿ ಶುಕ್ರವಾರ ರಾತ್ರಿಯೋ ಹಬ್ಬದ ರಜೆಯಲ್ಲೋ ನಡೆಯುತ್ತದೆ. ಹಾಗಾಗಿಯೇ ನಿಮ್ಮ ಮಗ ಅಥವಾ ಮಗಳು ಗವಿಮಠದ ಜಾತ್ರೆಗೆ ಬಂದಾಗಲೂ ಲ್ಯಾಪ್‌ಟಾಪ್ ಬಿಟ್ಟು ಬಂದಿರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಲಾಗಿನ್ ಆಗದೇ ಹೋದಾಗ ನೀವು ಮಾಡುವುದು ಏನೆಂದು ನನಗೆ ಗೊತ್ತು. ಸೋಮವಾರ ಬೆಳಿಗ್ಗೆ ಬಿಲ್ಡ್ ಓಡಲೇಬೇಕು, ಮ್ಯಾನೇಜರ್ ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಿರುತ್ತಾರೆ. ಆ ಒತ್ತಡದಲ್ಲಿ ಫೈಲ್‌ಗಳಿಗೆಲ್ಲ 777 ಪರ್ಮಿಷನ್ ಕೊಡುತ್ತೀರಿ. ಹೋಸ್ಟ್ ಕೀ ಪರಿಶೀಲನೆ ಆಫ್ ಮಾಡುತ್ತೀರಿ. ಅಷ್ಟಕ್ಕೂ ಬಗೆಹರಿಯದಿದ್ದರೆ ನಿಮ್ಮದೇ ಸ್ವಂತ ಟೋಕನ್ ತೆಗೆದು ಯುಆರ್‌ಎಲ್ ಒಳಗೆ ಸೇರಿಸಿಬಿಡುತ್ತೀರಿ. ಬಿಲ್ಡ್ ಹಸಿರಾಗುತ್ತದೆ, ಎಲ್ಲರೂ ಮಲಗುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ. ಇದರ ಅಪಾಯ ಎಷ್ಟು ದೊಡ್ಡದು ಎಂಬುದನ್ನು ಮುಂದೆ ಹೇಳುತ್ತೇನೆ. ಇಷ್ಟು ಮಾತ್ರ ಮೊದಲೇ ತಿಳಿದಿರಲಿ: ಇವುಗಳಲ್ಲಿ ಯಾವುದರ ಅಗತ್ಯವೂ ಇರುವುದಿಲ್ಲ. ಏನು ತಪ್ಪಾಗಿದೆ ಎಂದು ಲಾಗ್ ತಾನೇ ಹೇಳಿರುತ್ತದೆ.

ಕುಷ್ಟಗಿಯ ಒಬ್ಬ ತಂಗಿ ಒಂದು ರಾತ್ರಿ ಪರದೆಯ ಫೋಟೊ ಕಳಿಸಿ ಫೋನ್ ಮಾಡಿದಳು. "ಅಣ್ಣಾ, ಪಾಸ್‌ವರ್ಡ್ ಸರಿ ಐತಿ, ಆದ್ರೂ ಒಳಗ ಬಿಡವಲ್ದು. ಅಕ್ಸೆಸ್ ರೈಟ್ಸ್ ಇಲ್ಲ ಅನ್ನಾಕತ್ತೈತಿ, ಅಡ್ಮಿನ್‌ಗೆ ಮೇಲ್ ಹಾಕೀನಿ." ಫೋಟೊ ದೊಡ್ಡದು ಮಾಡಿ ನೋಡಿದೆ. ಮೊದಲಿಗೆ ಜೆಂಕಿನ್ಸ್‌ನ ಮಾಮೂಲಿ ಸಾಲು: ಗಿಟ್ ಎಲ್‌ಎಸ್-ರಿಮೋಟ್ ಕಮಾಂಡ್ ಸ್ಟೇಟಸ್ ಕೋಡ್ 128 ಕೊಟ್ಟು ಮರಳಿತು ಎಂದು. ಕೆಳಗೆ ಕೊನೆಯಲ್ಲಿ, ಸರಿಯಾದ ಅಕ್ಸೆಸ್ ರೈಟ್ಸ್ ಇದೆಯೇ, ರೆಪಾಸಿಟರಿ ಇದೆಯೇ ನೋಡಿಕೊಳ್ಳಿ ಎಂಬ ಸಾಲು. ಆಕೆ ಹಿಡಿದದ್ದು ಇದನ್ನೇ. ಇವೆರಡರ ನಡುವೆ ಚಿಕ್ಕದೊಂದು ಸಾಲಿತ್ತು: ಹೋಸ್ಟ್ ಕೀ ವೆರಿಫಿಕೇಷನ್ ಫೇಲ್ಡ್. "ಕೊನೀ ಸಾಲು ಬಿಡವಾ, ಅದರ ಮ್ಯಾಲಿನ ಸಾಲು ಓದು" ಅಂದೆ. ಅಡ್ಮಿನ್ ಕೈಯಲ್ಲಿ ಮಾಡಲಿಕ್ಕೆ ಏನೂ ಇರಲಿಲ್ಲ. ಆಕೆಯ ರೈಟ್ಸ್ ಮೊದಲಿನಿಂದಲೂ ಸರಿಯಾಗೇ ಇದ್ದವು.

ಎಸ್‌ಎಸ್‌ಎಚ್ ಯಾವ ಕಾರಣಕ್ಕೆ ಮುರಿದುಬಿದ್ದರೂ ಗಿಟ್ ಆ ಅಕ್ಸೆಸ್ ರೈಟ್ಸ್ ಸಾಲನ್ನು ಹಾಕಿಯೇ ಹಾಕುತ್ತದೆ. ಅದು ಸಲಹೆ, ಕಾರಣವಲ್ಲ. ಕಾರಣ ಇರುವುದು ಅದರ ಮೇಲೆ. ನಮ್ಮಲ್ಲಿ ಬಹಳ ಜನ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷಿನ ಕೆಂಪು ಅಕ್ಷರ ರಾಶಿಯಾಗಿ ಬಂದಾಗ ಕಣ್ಣು ತಾನಾಗಿ ಕೊನೆಗೆ ಜಾರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೇಲಿನಿಂದ ಒಂದೊಂದೇ ಸಾಲು ಬೆರಳಿಟ್ಟು ಓದಿ, ಅರ್ಥವಾಗದಿದ್ದರೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಒಳ್ಳೆಯ ಶಾಲೆಯಲ್ಲಿ ಓದಿ ಬಂದ ಸಹೋದ್ಯೋಗಿ ಅವಸರದಲ್ಲಿ ಬಿಟ್ಟದ್ದು ನಿಮಗೆ ಸಿಗುತ್ತದೆ. ಇದನ್ನು ನಾನು ಹಲವು ಸಲ ಕಂಡಿದ್ದೇನೆ.

ಲಾಗಿನ್ ಎಂಬ ಒಂದು ಮಾತಿನ ಒಳಗೆ ಮೂರು ಸಂಗತಿ ಇವೆ. ಹೋಗುತ್ತಿರುವವರು ಯಾರು, ಅವರ ಕೈಯಲ್ಲಿ ಏನಿದೆ, ಎದುರಿಗಿರುವವರು ಯಾರು. ಸರ್ವರ್ ಬದಲಾದಾಗ ಮೂರೂ ಒಟ್ಟಿಗೆ ಅಲುಗಾಡುತ್ತವೆ. ಪಾಸ್‌ವರ್ಡ್ ಮಾತ್ರ ಹಾಗೇ ಇರುತ್ತದೆ, ಆದರೂ ನೀವು ಬಡಿದಾಡುವುದು ಅದರ ಜೊತೆಗೇ.

ಮೊದಲನೆಯದರಲ್ಲೇ ಹೆಚ್ಚು ಜನ ಎಡವುತ್ತೀರಿ. ಟರ್ಮಿನಲ್‌ನಲ್ಲಿ ನಿಮ್ಮ ಹೆಸರಿನಿಂದಲೋ ರೂಟ್ ಆಗಿಯೋ ಗಿಟ್ ಕ್ಲೋನ್ ಮಾಡಿ ನೋಡುತ್ತೀರಿ, ಆಗುತ್ತದೆ. ಜೆಂಕಿನ್ಸ್‌ನಲ್ಲಿ ಆಗುವುದಿಲ್ಲ. ಜೆಂಕಿನ್ಸ್ ಓಡುವುದು ಜೆಂಕಿನ್ಸ್ ಎಂಬ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ. ಅವನ ಮನೆ ಬೇರೆ, ಅವನ ಎಸ್‌ಎಸ್‌ಎಚ್ ಫೋಲ್ಡರ್ ಬೇರೆ. ಲಿನಕ್ಸ್ ಪ್ಯಾಕೇಜಿನಿಂದ ಹಾಕಿದ್ದರೆ ಆ ಮನೆ ವಾರ್ ಲಿಬ್ ಜೆಂಕಿನ್ಸ್ ಫೋಲ್ಡರ್. ಡಾಕರ್ ಇಮೇಜಿನಲ್ಲಿ ಅದು ವಾರ್ ಒಳಗಿನ ಜೆಂಕಿನ್ಸ್ ಹೋಮ್. ಹಳೆಯದು ಪ್ಯಾಕೇಜ್, ಹೊಸದು ಡಾಕರ್ ಆಗಿದ್ದರೆ ಮನೆಯೇ ಬದಲಾಗಿರುತ್ತದೆ. ವಿಂಡೋಸ್‌ನಲ್ಲಿ ಸರ್ವಿಸ್ ಆಗಿ ಲೋಕಲ್ ಸಿಸ್ಟಂ ಹೆಸರಿನಲ್ಲಿ ಓಡುತ್ತಿದ್ದರೆ, ನಿಮ್ಮ ಖಾತೆಯಲ್ಲಿ ಉಳಿಸಿದ ಪಾಸ್‌ವರ್ಡ್ ಅದಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಪರೀಕ್ಷೆ ಮಾಡುವಾಗ ಸುಡೊ ಬಳಸಿ ಆ ಬಳಕೆದಾರನಾಗಿಯೇ ಮಾಡಿ. ಅದಲ್ಲದ ಯಾವ ಪರೀಕ್ಷೆಯೂ ಪರೀಕ್ಷೆಯಲ್ಲ.

ಇನ್ನೊಂದು ಇದರ ಜೊತೆಗೇ ಬರುತ್ತದೆ. ಲಿನಕ್ಸ್ ಫೈಲಿನ ಯಜಮಾನನನ್ನು ನೆನಪಿಡುವುದು ಸಂಖ್ಯೆಯಿಂದ. ಹಳೆಯ ಯಂತ್ರದಲ್ಲಿ ಜೆಂಕಿನ್ಸ್‌ನ ಸಂಖ್ಯೆ ಒಂದು, ಹೊಸದರಲ್ಲಿ ಇನ್ನೊಂದು ಇರಬಹುದು. ಸಂಖ್ಯೆ ಉಳಿಸಿಕೊಂಡು ಕಾಪಿ ಮಾಡಿದರೆ, ತನ್ನದೇ ಪ್ರೈವೇಟ್ ಕೀ ಫೈಲ್ ಅವನಿಗೆ ಪರರ ಸ್ವತ್ತಾಗಿಬಿಡುತ್ತದೆ. ಅದಕ್ಕೆ 777 ಕೊಟ್ಟರೆ ಆ ಯಂತ್ರದಲ್ಲಿರುವ ಎಲ್ಲರೂ ಕೀಯನ್ನು ಓದಬಹುದು, ಮುಂದೆ ಯಜಮಾನ ಸರಿಹೋದ ಮೇಲೂ 777 ಉಳಿದಿದ್ದರೆ ಎಸ್‌ಎಸ್‌ಎಚ್ ಅದನ್ನು ಬೇಕೆಂದೇ ತಿರಸ್ಕರಿಸುತ್ತದೆ. ಮಾಡಬೇಕಾದ್ದು ಯಜಮಾನನನ್ನು ಸರಿಪಡಿಸಿ, ಕೀಗೆ 600 ಕೊಡುವುದು, ಅಷ್ಟೆ. 2022ರ ಏಪ್ರಿಲ್ 12ರಂದು ಬಂದ ಗಿಟ್ 2.35.2 ಆವೃತ್ತಿಯಿಂದ ಈಚೆಗೆ, ಬೇರೆಯವರ ಒಡೆತನದ ಫೋಲ್ಡರಿನಲ್ಲಿರುವ ರೆಪೊವನ್ನು ಗಿಟ್ ತಾನೇ ಮುಟ್ಟುವುದಿಲ್ಲ. ಡ್ಯೂಬಿಯಸ್ ಓನರ್‌ಶಿಪ್ ಎಂದು ದೂರು ಹೇಳುತ್ತದೆ. ಸೇಫ್ ಡೈರೆಕ್ಟರಿ ಎಂಬಲ್ಲಿ ನಕ್ಷತ್ರ ಚಿಹ್ನೆ ಹಾಕಿ ಬಾಯಿ ಮುಚ್ಚಿಸುವವರಿದ್ದಾರೆ. ಅದಕ್ಕೂ ಮದ್ದು ಯಜಮಾನನನ್ನು ಸರಿಪಡಿಸುವುದೇ.

ಎರಡನೆಯದು ಕೈಯಲ್ಲಿರುವ ಗುರುತು. ಜೆಂಕಿನ್ಸ್ ತನ್ನ ಪಾಸ್‌ವರ್ಡ್, ಟೋಕನ್, ಕೀಗಳನ್ನೆಲ್ಲ ಕ್ರೆಡೆನ್ಶಿಯಲ್ಸ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಗೂಢಲಿಪಿಯಾಗಿ ಇಡುತ್ತದೆ. ಅದನ್ನು ಬಿಡಿಸಲು ಬೇಕಾದದ್ದು ಸೀಕ್ರೆಟ್ಸ್ ಎಂಬ ಬೇರೆ ಫೋಲ್ಡರಿನಲ್ಲಿರುತ್ತದೆ. ಅಲ್ಲಿ ಮಾಸ್ಟರ್ ಕೀ ಎಂಬ ಫೈಲ್ ಒಂದು, ಹಡ್ಸನ್ ಎಂದು ಶುರುವಾಗುವ ಹೆಸರಿನ ಸೀಕ್ರೆಟ್ ಫೈಲ್ ಇನ್ನೊಂದು. 2011ರಲ್ಲಿ ಹೆಸರು ಬದಲಾಗುವ ಮುಂಚೆ ಜೆಂಕಿನ್ಸ್‌ನ ಹೆಸರು ಹಡ್ಸನ್ ಎಂದಿತ್ತು, ಆ ಕುರುಹು ಇಲ್ಲಿ ಉಳಿದಿದೆ. ಎಕ್ಸ್‌ಎಂಎಲ್ ತಂದು ಈ ಫೋಲ್ಡರ್ ಬಿಟ್ಟು ಬಂದರೆ, ತಿಜೋರಿ ಹೊತ್ತು ತಂದು ಕೀಲಿಕೈಯನ್ನು ಹಳೇ ಮನೆಯಲ್ಲೇ ಬಿಟ್ಟಂತೆ. ಪರದೆ ಮೇಲೆ ಎಲ್ಲ ಹೆಸರುಗಳೂ ಸಾಲಾಗಿ ಕಾಣುತ್ತವೆ, ಒಳಗಿನದು ಮಾತ್ರ ಬಿಚ್ಚಿಕೊಳ್ಳುವುದಿಲ್ಲ. ಆಗ ನೀವು ಹೊಸದಾಗಿ ಟೈಪ್ ಮಾಡಿ ಹಾಕುತ್ತೀರಿ, ಅದು ಬೇರೆ ಐಡಿ ತೆಗೆದುಕೊಳ್ಳುತ್ತದೆ, ಜೆಂಕಿನ್ಸ್‌ಫೈಲ್‌ನಲ್ಲಿ ಬರೆದದ್ದು ಹಳೆಯ ಐಡಿ. ಕ್ರೆಡೆನ್ಶಿಯಲ್ ಸಿಗಲಿಲ್ಲ ಎಂಬ ಹೊಸ ದೂರು ಶುರು. ಕೈಯಿಂದ ಸೇರಿಸುವುದೇ ಆದರೆ ಹಳೆಯ ಐಡಿಯನ್ನೇ ಕೊಡಿ.

ಸಬ್‌ವರ್ಷನ್ ಇನ್ನೂ ಬಳಸುವ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಅದು ಉಳಿಸಿಕೊಂಡ ಲಾಗಿನ್ನನ್ನು ಸರ್ವರಿನ ವಿಳಾಸ ಸೇರಿದ ಒಂದು ಹೆಸರಿನ ಲೆಕ್ಕದಲ್ಲಿ ಇಡುತ್ತದೆ. ಕೋಡ್ ಇರುವ ಸರ್ವರಿನ ಹೆಸರೂ ಬದಲಾಗಿದ್ದರೆ ಹಳೆಯ ಲಾಗಿನ್ ಅಲ್ಲಿದ್ದೂ ಸಿಗುವುದಿಲ್ಲ. 1.12ನೇ ಆವೃತ್ತಿಯಿಂದ ಪಾಸ್‌ವರ್ಡನ್ನು ಸಾದಾ ಅಕ್ಷರದಲ್ಲಿ ಉಳಿಸುವುದನ್ನೂ ಮೂಲ ಸೆಟ್ಟಿಂಗಿನಲ್ಲಿ ನಿಲ್ಲಿಸಿದ್ದಾರೆ.

ಕೈಯಲ್ಲಿರುವ ಗುರುತು ಹಾಗೇ ಇದ್ದು, ಅದನ್ನು ಒಪ್ಪುವ ನಿಯಮ ಬದಲಾಗಿರುವುದೂ ಉಂಟು. ವರ್ಷಗಟ್ಟಲೆ ಮುಟ್ಟದ ಸರ್ವರನ್ನು ಒಮ್ಮೆಗೇ ಹೊಸ ಆಪರೇಟಿಂಗ್ ಸಿಸ್ಟಂಗೆ ತಂದಾಗ ಆ ಎಲ್ಲ ವರ್ಷಗಳ ಬದಲಾವಣೆ ಒಂದೇ ರಾತ್ರಿ ನಿಮ್ಮ ಮೇಲೆ ಬೀಳುತ್ತದೆ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ, ಬಿಟ್‌ಬಕೆಟ್ ಕ್ಲೌಡ್ 2022ರ ಮಾರ್ಚ್ 1ರಿಂದ. ಗಿಟ್‌ಲ್ಯಾಬ್ 2023ರ ಮೇ ತಿಂಗಳ 16.0 ಆವೃತ್ತಿಯಲ್ಲಿ ಅವಧಿಯಿಲ್ಲದ ಟೋಕನ್‌ಗಳನ್ನು ಕೈಬಿಟ್ಟಿತು. 2021ರ ಸೆಪ್ಟೆಂಬರಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8, ಎಸ್‌ಎಚ್‌ಎ-1 ಬಳಸುವ ಆರ್‌ಎಸ್‌ಎ ಸಹಿಗಳನ್ನು ಸಹಜವಾಗಿ ಒಪ್ಪುವುದನ್ನು ನಿಲ್ಲಿಸಿತು. ಉಬುಂಟು 22.04ರಲ್ಲಿ ಬರುವುದು ಅದರ ಮುಂದಿನ 8.9. ನಿಮ್ಮ ಕಂಪನಿಯ ಒಳಗಿನ ಗಿಟ್ ಸರ್ವರ್ ಹಳೆಯದಾಗಿದ್ದರೆ ಎರಡೂ ಕಡೆಗೆ ಒಪ್ಪಿಗೆಯಾಗುವ ಸಹಿಯ ಬಗೆ ಸಿಗದೆ ಪರ್ಮಿಷನ್ ಡಿನೈಡ್ ಬರುತ್ತದೆ. ಕೀ ಸರಿಯಿದೆ, ಹೆಸರು ಸರಿಯಿದೆ, ಆದರೂ ಬಾಗಿಲು ತೆರೆಯದು. ಎಸ್‌ಎಸ್‌ಎಚ್‌ಗೆ ವಿವರವಾಗಿ ಮಾತಾಡುವ ವಿ ಆಯ್ಕೆ ಕೊಟ್ಟರೆ ನೋ ಮ್ಯೂಚುವಲ್ ಸಿಗ್ನೇಚರ್ ಅಲ್ಗಾರಿದಂ ಎಂದು ಅದೇ ಹೇಳುತ್ತದೆ. ಆಗ ಹೊಸದಾಗಿ ಇಡಿ25519 ಬಗೆಯ ಕೀ ಮಾಡಿ. ಆ ಹಳೆಯ ಸರ್ವರಿಗೆ ಅದು ಗೊತ್ತಿಲ್ಲದಿದ್ದರೆ, ಅದೊಂದೇ ಹೋಸ್ಟಿನ ಹೆಸರಿನ ಕೆಳಗೆ, ಅದನ್ನು ಅಪ್‌ಗ್ರೇಡ್ ಮಾಡುವ ತನಕ ಮಾತ್ರ ಹಳೆಯ ಸಹಿಗೆ ಅವಕಾಶ ಕೊಡಿ. ಇಡೀ ಯಂತ್ರಕ್ಕೆ ಕೊಡಬೇಡಿ.

ಗಡಿಯಾರವನ್ನೂ ನೋಡಿಕೊಳ್ಳಿ. ಗಿಟ್‌ಹಬ್ ಆ್ಯಪ್ ಆಗಿ ಒಳಹೋಗುವ ಸರ್ವರ್ ತೋರಿಸುವ ಚೀಟಿಯ ಆಯಸ್ಸು ಹೆಚ್ಚೆಂದರೆ 10 ನಿಮಿಷ. ಹೊಸ ಯಂತ್ರದ ಸಮಯ ಹಿಂದೆ ಮುಂದೆ ಇದ್ದರೆ ಆ ಚೀಟಿ ಹುಟ್ಟುವಾಗಲೇ ಸತ್ತಿರುತ್ತದೆ. ಕಂಪನಿಯ ಸ್ವಂತ ಸರ್ಟಿಫಿಕೇಟ್ ಇದ್ದಲ್ಲಿ ಇನ್ನೊಂದು ತೊಡಕು: ಗಿಟ್ ನಂಬುವುದು ಆಪರೇಟಿಂಗ್ ಸಿಸ್ಟಂನ ಪಟ್ಟಿಯನ್ನು, ಜೆಂಕಿನ್ಸ್ ಒಳಗಿನ ಜಾವಾ ನಂಬುವುದು ತನ್ನದೇ ಪಟ್ಟಿಯನ್ನು. ಒಂದಕ್ಕೆ ಸೇರಿಸಿ ಇನ್ನೊಂದನ್ನು ಬಿಟ್ಟರೆ, ಕ್ಲೋನ್ ಆಗುತ್ತದೆ ಆದರೆ ಬ್ರ್ಯಾಂಚ್‌ಗಳ ಪಟ್ಟಿ ಬರುವುದಿಲ್ಲ ಎಂಬಂಥ ವಿಚಿತ್ರ ಸ್ಥಿತಿ ಬರುತ್ತದೆ.

ಮೂರನೆಯದು, ಎದುರಿಗಿರುವವರು ಯಾರು ಎಂಬುದು. ಇದನ್ನೇ ನೀವು ಅತಿ ಹಗುರವಾಗಿ ತೆಗೆದುಕೊಳ್ಳುತ್ತೀರಿ. ಹೊಸ ಯಂತ್ರದ ನೋನ್ ಹೋಸ್ಟ್ಸ್ ಫೈಲ್ ಖಾಲಿ ಇರುತ್ತದೆ. 2022ರ ಜುಲೈ ತನಕ ಜೆಂಕಿನ್ಸ್‌ನ ಗಿಟ್ ಕ್ಲೈಂಟ್ ಪ್ಲಗಿನ್ ಎದುರಿನ ಸರ್ವರಿನ ಗುರುತು ಪರಿಶೀಲಿಸುತ್ತಲೇ ಇರಲಿಲ್ಲ. ಅದನ್ನು ಭದ್ರತೆಯ ದೋಷ ಎಂದು ಪ್ರಕಟಿಸಿ ತಿದ್ದಿದರು. ಹಾಗಾಗಿ ಹಳೆಯ ಪ್ಲಗಿನ್‌ನಲ್ಲಿ ವರ್ಷಗಳಿಂದ ಓಡಿದ್ದು ಹೊಸದರಲ್ಲಿ ನಿಲ್ಲುತ್ತದೆ. ಜೆಂಕಿನ್ಸ್‌ನ ಸೆಕ್ಯುರಿಟಿ ಪುಟದಲ್ಲಿ ಪರಿಶೀಲನೆಯೇ ಬೇಡ ಎಂಬ ಆಯ್ಕೆ ಇದೆ. ಅದರ ಮೇಲೆ ನಿಮ್ಮ ಕೈ ಹೋಗುತ್ತದೆ. ಹೋಗದಿರಲಿ.

ಯಾಕೆಂದರೆ ಆ ಪರಿಶೀಲನೆ ನಿಜವಾಗಿ ಬೇಕಾದ ದಿನ ಬಂದಿತ್ತು. 2023ರ ಯುಗಾದಿಯಾಗಿ ಎರಡನೇ ದಿನ, ಮಾರ್ಚ್ 24, ಶುಕ್ರವಾರ. ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು ಬದಲಾಯಿಸಿತು. ಹಳೆಯದರ ಪ್ರೈವೇಟ್ ಕೀ ಕೆಲಹೊತ್ತು ಒಂದು ಸಾರ್ವಜನಿಕ ರೆಪೊದಲ್ಲಿ ಬಹಿರಂಗವಾಗಿತ್ತು ಎಂದು ಅವರೇ ಪ್ರಕಟಿಸಿದರು. ಆ ಕೀ ಸಿಕ್ಕಿದವರು ನಡುದಾರಿಯಲ್ಲಿ ಕೂತು ತಾವೇ ಗಿಟ್‌ಹಬ್ ಎಂದು ನಟಿಸಬಹುದಿತ್ತು. ಪರಿಶೀಲನೆ ಆನ್ ಇಟ್ಟುಕೊಂಡು ಆ ಆರ್‌ಎಸ್‌ಎ ಕೀಯನ್ನು ನೆಚ್ಚಿದ್ದ ಸರ್ವರ್‌ಗಳು ದೊಡ್ಡ ಎಚ್ಚರಿಕೆ ಕೊಟ್ಟು ನಿಂತವು. ಆಫ್ ಮಾಡಿದ್ದವು ಏನೂ ಆಗಿಲ್ಲವೆಂಬಂತೆ ಓಡಿದವು. ಹಬ್ಬಕ್ಕೆ ಊರಿಗೆ ಬಂದಿದ್ದವರಿಗೆ ನಿಂತ ಸರ್ವರ್ ತಲೆನೋವಾಯಿತು ನಿಜ. ತನ್ನ ಕೆಲಸ ಮಾಡಿದ್ದು ಆ ನಿಂತ ಸರ್ವರೇ. ಗಿಟ್‌ಹಬ್ ತನ್ನ ಕೀಗಳ ಫಿಂಗರ್‌ಪ್ರಿಂಟ್‌ಗಳನ್ನು ತನ್ನ ಅಧಿಕೃತ ದಾಖಲೆಯಲ್ಲಿ ಪ್ರಕಟಿಸುತ್ತದೆ. ಅದರ ಜೊತೆ ಹೋಲಿಸಿ ನೋಡಿ, ಹೊಂದಿದರೆ ನೋನ್ ಹೋಸ್ಟ್ಸ್‌ಗೆ ಸೇರಿಸಿ. ಐದು ನಿಮಿಷದ ಕೆಲಸ.

ಇಷ್ಟೊಂದು ಒತ್ತಿ ಹೇಳುವ ಕಾರಣಕ್ಕೆ ಬರುತ್ತೇನೆ. 2024ರ ಜನವರಿ 24ರಂದು ಜೆಂಕಿನ್ಸ್‌ನ ಒಂದು ದೋಷ ಹೊರಬಿತ್ತು. ಅದರ ಕಮಾಂಡ್ ಲೈನ್ ಸೌಲಭ್ಯದ ಮೂಲಕ ಹೊರಗಿನವರು ಸರ್ವರಿನ ಒಳಗಿನ ಫೈಲ್‌ಗಳನ್ನು ಓದಬಹುದಿತ್ತು. ನಾನು ಮೇಲೆ ಹೇಳಿದ ಸೀಕ್ರೆಟ್ಸ್ ಫೋಲ್ಡರ್ ಕೂಡ ಆ ಅಪಾಯದೊಳಗಿತ್ತು. 2.442 ಮತ್ತು ದೀರ್ಘಾವಧಿ ಆವೃತ್ತಿ 2.426.3ರಲ್ಲಿ ಅದನ್ನು ಸರಿಪಡಿಸಿದರು. ಅದೇ ವರ್ಷ ಜುಲೈ 31ರಂದು, ದೇಶದ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯ ಪರಿಣಾಮವಾಗಿದೆ ಎಂದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಅದರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರ ಪಾವತಿಗಳಿಗೆ ತೊಂದರೆಯಾಯಿತು, ಮರುದಿನ ಸಂಪರ್ಕ ಮರಳಿತು. ಬೆಂಗಳೂರಿನಲ್ಲಿ ನೆಲೆಯಿರುವ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ಇದನ್ನು ವಿಶ್ಲೇಷಿಸಿ, ದಾಳಿ ಶುರುವಾದದ್ದು ಇನ್ನೊಂದು ಸೇವಾ ಕಂಪನಿಯ ಸರಿಯಾಗಿ ಹೊಂದಿಸದ ಜೆಂಕಿನ್ಸ್ ಸರ್ವರಿನಿಂದ, ಜನವರಿಯಲ್ಲಿ ಹೊರಬಿದ್ದ ಅದೇ ದೋಷದ ಮೂಲಕ ಎಂದು ವರದಿ ಕೊಟ್ಟಿತು.

ತಮ್ಮಂದಿರೇ, ತಂಗಿಯರೇ, ಇದನ್ನು ಇನ್ನೊಮ್ಮೆ ಓದಿ. ಭತ್ತ ಮಾರಿದ ದುಡ್ಡು, ಬೆಳೆ ಸಾಲ, ಹಾಲಿನ ಬಿಲ್ಲು ಇಂಥ ಸಣ್ಣ ಬ್ಯಾಂಕಿನ ಖಾತೆಗೇ ಬೀಳುವ ಮನೆಗಳಿಂದ ನಾವು ಬಂದವರು. ನೀವು ನೋಡಿಕೊಳ್ಳುವ ಸರ್ವರ್ ಬೆಂಗಳೂರಿನ ಯಾವುದೋ ಡೇಟಾ ಸೆಂಟರಿನಲ್ಲಿ ಇರಬಹುದು. ಅದರ ಅಂಚು ಕಾರಟಗಿಯ ಅಕ್ಕಿ ಗಿರಣಿಯ ಹಮಾಲನ ಫೋನಿನ ತನಕ ಬರುತ್ತದೆ. ಲಾಗಿನ್ ಆಗಲಿಲ್ಲವೆಂದು ಸೋಮವಾರ ಬೆಳಗಿನ ಬಿಲ್ಡ್ ತಡವಾದರೆ ಒಬ್ಬ ಮ್ಯಾನೇಜರ್ ಸಿಟ್ಟಾಗುತ್ತಾರೆ. ಯಾರು ಬೇಕಾದರೂ ಲಾಗಿನ್ ಆಗುವ ಹಾಗೆ ಮಾಡಿಟ್ಟರೆ ತೊಂದರೆಗೆ ಸಿಗುವವರು ನಿಮ್ಮನ್ನು ಕೇಳಿಯೇ ಇರದ ಜನ.

ಸ್ವಂತ ಟೋಕನ್ ವಿಷಯಕ್ಕೂ ಒಂದು ಮಾತು ಹೇಳಲೇಬೇಕು. ನಿಮ್ಮ ಟೋಕನ್ನಿನಲ್ಲಿ ನಿಮಗೆ ಇರುವ ಎಲ್ಲ ಅಧಿಕಾರವೂ ತುಂಬಿರಬಹುದು. ಸರ್ವರಿಗೆ ಬೇಕಾದ್ದು ಕೋಡ್ ಓದುವ ಅಧಿಕಾರ ಮಾತ್ರ. ಯುಆರ್‌ಎಲ್ ಒಳಗೆ ಇಟ್ಟರೆ ಅದು ಜಾಬ್‌ನ ಸೆಟ್ಟಿಂಗಿನಲ್ಲಿ, ವರ್ಕ್‌ಸ್ಪೇಸಿನ ಗಿಟ್ ಕಾನ್ಫಿಗ್‌ನಲ್ಲಿ, ಬ್ಯಾಕಪ್ಪಿನಲ್ಲಿ ಬಿದ್ದಿರುತ್ತದೆ. ನೀವು ಆ ಕೆಲಸ ಬಿಟ್ಟ ದಿನ ನಿಮ್ಮ ಖಾತೆ ಮುಚ್ಚುತ್ತದೆ, ಬಿಲ್ಡ್ ನಿಲ್ಲುತ್ತದೆ, ನಿಮ್ಮ ಹೆಸರು ಹಿಡಿದು ಫೋನ್ ಬರುತ್ತದೆ. ಖಾತೆ ಮುಚ್ಚದೇ ಉಳಿದರೆ ಅದು ಇನ್ನೂ ಕೆಟ್ಟದ್ದು: ಮುಂದೆ ಆ ಟೋಕನ್ನಿನಿಂದ ಏನು ನಡೆದರೂ ದಾಖಲೆಯಲ್ಲಿ ನಿಮ್ಮ ಹೆಸರಿರುತ್ತದೆ. ಸರ್ವರಿಗೆ ಅದರದ್ದೇ ಗುರುತು ಕೊಡಿ. ಒಂದೇ ರೆಪೊ ಆದರೆ ಡಿಪ್ಲಾಯ್ ಕೀ ಸಾಕು. ಗಿಟ್‌ಹಬ್‌ನಲ್ಲಿ ಒಂದೇ ಡಿಪ್ಲಾಯ್ ಕೀಯನ್ನು ಎರಡು ರೆಪೊಗೆ ಹಾಕಲು ಬಿಡುವುದಿಲ್ಲ, ಆದ್ದರಿಂದ ರೆಪೊ ಹೆಚ್ಚಿದ್ದರೆ ಗಿಟ್‌ಹಬ್ ಆ್ಯಪ್ ಅಥವಾ ಯಂತ್ರಕ್ಕೆಂದೇ ಮಾಡಿದ ಖಾತೆ ಬೇಕು. ಗಿಟ್‌ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಟೋಕನ್ ಇದೆ, ಅದು ಮುಗಿಯುವ ತಾರೀಖನ್ನು ತಂಡದ ಕ್ಯಾಲೆಂಡರಿನಲ್ಲಿ ಹಾಕಿ. ಇದಕ್ಕೆ ಮ್ಯಾನೇಜರ್ ಅನುಮತಿ ತಡವಾದೀತು. ಕೇಳಿ ಪಡೆಯಿರಿ. ಹಳ್ಳಿಯಿಂದ ಬಂದವರು ಕೇಳಲು ಹಿಂಜರಿಯುತ್ತೇವೆ, ಆ ಹಿಂಜರಿಕೆಯಲ್ಲೇ ಸ್ವಂತದ್ದನ್ನು ತೆಗೆದು ಕೊಟ್ಟುಬಿಡುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ.

ಮುಂದಿನ ಸಲ ಸರ್ವರ್ ಸಾಗಿಸುವ ಮುಂಚೆ, ಹಳೆಯದು ಇನ್ನೂ ಜೀವಂತ ಇರುವಾಗಲೇ, ಒಂದು ಹಾಳೆ ತೆಗೆದುಕೊಳ್ಳಿ. ಜೆಂಕಿನ್ಸ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದೆ, ಅವನ ಸಂಖ್ಯೆ ಎಷ್ಟು, ಮನೆ ಎಲ್ಲಿ, ಯಾವ ಐಡಿಯ ಕ್ರೆಡೆನ್ಶಿಯಲ್ ಯಾವ ರೆಪೊ ತೆರೆಯುತ್ತದೆ, ಗಿಟ್ ಮತ್ತು ಎಸ್‌ಎಸ್‌ಎಚ್ ಆವೃತ್ತಿ ಯಾವುವು, ಹೊಸ ಯಂತ್ರದ ಐಪಿ ವಿಳಾಸವನ್ನು ಯಾವ ಫೈರ್‌ವಾಲ್‌ಗಳಿಗೆ ಸೇರಿಸಬೇಕು ಎಂದು ಕನ್ನಡದಲ್ಲೇ ಬರೆದಿಡಿ. ಹೊಸದರಲ್ಲಿ ಮೊದಲು ಒಂದೇ ಒಂದು ಜಾಬ್ ಓಡಿಸಿ. ಅದು ಸರಿಹೋದ ಮೇಲೆ ಉಳಿದವು. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ವೆಬ್‌ಹುಕ್ ವಿಳಾಸವನ್ನು ಹೊಸ ಸರ್ವರಿಗೆ ತಿರುಗಿಸಲು ಮರೆಯಬೇಡಿ. ಅದು ಉಳಿದುಬಿಟ್ಟರೆ ಬಿಲ್ಡ್ ಶುರುವೇ ಆಗುವುದಿಲ್ಲ, ಲಾಗಿನ್ ಮೇಲೆ ಸುಮ್ಮನೆ ಅನುಮಾನ ಬರುತ್ತದೆ.

ಎಲ್ಲ ಓಡಿದ ಮೇಲೆ ಬಹಳ ಜನ ಬಿಟ್ಟುಬಿಡುವ ಕೆಲಸ ಒಂದಿದೆ. ಹಳೆಯ ಸರ್ವರಿನ ಪಬ್ಲಿಕ್ ಕೀ ಗಿಟ್‌ಹಬ್‌ನಲ್ಲಿ ಹಾಗೇ ಇರುತ್ತದೆ, ಅದರ ಟೋಕನ್‌ಗಳು ಜೀವಂತ ಇರುತ್ತವೆ. ಡಿಸ್ಕಿನಲ್ಲಿ ಮಾಸ್ಟರ್ ಕೀ, ಕ್ರೆಡೆನ್ಶಿಯಲ್ಸ್ ಎರಡೂ ಅಕ್ಕಪಕ್ಕ ಕೂತಿರುತ್ತವೆ. ಹೊಸ ಸರ್ವರಿಗೆ ಹೊಸ ಕೀಗಳನ್ನೇ ಮಾಡಿ ಹಾಕಿ, ಒಂದು ವಾರ ನೋಡಿ. ಗಿಟ್‌ಹಬ್ ಪ್ರತಿ ಕೀಯ ಪಕ್ಕ ಅದು ಕೊನೆಯದಾಗಿ ಯಾವಾಗ ಬಳಕೆಯಾಯಿತು ಎಂದು ತೋರಿಸುತ್ತದೆ. ಹಳೆಯ ಕೀ ಇನ್ನೂ ಬಳಕೆಯಾಗುತ್ತಿದ್ದರೆ ಯಾವ ಜಾಬ್ ಉಳಿದಿದೆ ಎಂದು ಹುಡುಕಿ ಸಾಗಿಸಿ. ಆಮೇಲೆ ಹಳೆಯ ಕೀ ಅಳಿಸಿ, ಟೋಕನ್‌ಗಳನ್ನು ರದ್ದು ಮಾಡಿ, ಡಿಸ್ಕ್ ಪೂರ್ತಿ ಅಳಿಸಿ, ನಂತರ ಯಂತ್ರವನ್ನು ಬಿಟ್ಟುಕೊಡಿ.

ನಿಮ್ಮ ಅಣ್ಣ,
ಯಲಬುರ್ಗಾ